ಹದಿನೇಳನೆಯ ಮಗು

ಹದಿನೇಳನೆಯ ಮಗುವಿಗೂ ಒಂದು ಮುಖವಿರುತ್ತದೆ ಎಂಬುದು ನಯನಾಳಿಗೆ ಹೊಳೆದದ್ದು ಪ್ರೊಫೆಸರ್ ಬಕ್ಕೇಶಪ್ಪನವರು ಫೋಟೋ ಕೇಳಿದಾಗ.

“ಆಮಂತ್ರಣ ಪತ್ರಿಕೆ ಮೇಲೆ ಒಂದು ಮಗುವಿನ ಫೋಟೋ ಇರ್ಲಿ ಕಣಮ್ಮಾ. ಬಡವರ ಮನೆ ಮಗು, ಕೈಯಾಗೆ ಪುಸ್ತಕ. ಎಲ್ಲರಿಗಿಂತ ಜಾಸ್ತಿ ಮುಂದೆ ಬಂದಿರೋದು ಯಾವುದು?”

“ಹದಿನೇಳು ಸರ್.”

“ಹದಿನೇಳಕ್ಕೆ ಹೆಸರಿಲ್ಲೇನು?”

ನಯನಾ ಕಾಗದಗಳನ್ನು ಮಗುಚಿದಳು. ಮಕ್ಕಳ ಹೆಸರು ಹೊರಗೆ ಬರಬಾರದು, ಅಂಕಿಯಿಂದಲೇ ಗುರುತಿಸಬೇಕು ಎಂಬುದು ಸಂಶೋಧನೆಯ ಶಿಸ್ತು. ಆ ಶಿಸ್ತು ಅವಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ವರ್ಷವಿಡೀ ಅವಳು ಮಕ್ಕಳ ಜೊತೆಗಲ್ಲ, ಅಂಕಿಗಳ ಜೊತೆಗೇ ಸಂಸಾರ ಮಾಡಿದ್ದಳು. ಕೊನೆಗೆ ಸಿಕ್ಕಿತು. ಸಹನಾ. ತಂದೆ ಸಣ್ಣಬೀರಪ್ಪ, ತೀರಿಕೊಂಡಿದ್ದಾನೆ. ತಾಯಿ ರಂಗವ್ವ, ಮಂಡಕ್ಕಿ ಭಟ್ಟಿಯಲ್ಲಿ ಕೂಲಿ.

“ಭಟ್ಟಿ ಕೂಲಿಯವಳ ಮಗಳು,” ಎಂದು ಪ್ರೊಫೆಸರರು ಕಣ್ಣುಮುಚ್ಚಿ ಸವಿದರು. “ನಾವು ಹುಡುಕಿದ್ರೂ ಇಂಥಾದ್ದು ಸಿಗ್ತಿರಲಿಲ್ಲ. ಹೋಗಿ ಮನೆ ನೋಡ್ಕಂಡು ಬಾ. ನಾಲ್ಕು ಪುಟ ಬರಿ. ಸೆಮಿನಾರಿಗೆ ನಮ್ಮ ಹೊಸ ದಾವಣಗೆರೆ ಜಿಲ್ಲೆಯ ಶಿಕ್ಷಣ ಇಲಾಖೆ ಮುಖ್ಯಸ್ಥರು, ಡಿಡಿಪಿಐ ಸಾಹೇಬರೇ ಬರ್ತಾರೆ.”

ಸರಸ್ವತಿ ನಗರದ ಪ್ರೊಫೆಸರರ ಮನೆಯಿಂದ ಹೊರಬಿದ್ದಾಗ ನಯನಾಳ ಕಾಲು ನೆಲದ ಮೇಲಿರಲಿಲ್ಲ. ಅವಳ ಪಿಎಚ್.ಡಿ. ವಿಷಯ, ಮನೆಮಾತು ಶಾಲೆಯ ಮಾತಿಗಿಂತ ಬೇರೆಯಾದ ಮಕ್ಕಳು ಓದು-ಬರಹ ಕಲಿಯುವ ಬಗೆ. ಅದಕ್ಕಾಗಿ ಹರಿಹರದ ಹೊಳೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಹೋದ ಜೂನ್‌ನಲ್ಲಿ ಮೂರನೇ ಕ್ಲಾಸಿನ ಒಂದಷ್ಟು ಮಕ್ಕಳನ್ನು ಶಾಲೆಯ ದಾಖಲೆ ನೋಡಿ ಆರಿಸಿದ್ದರು. ಮನೆಯಲ್ಲಿ ಉರ್ದು ಆಡುವವರು, ಲಂಬಾಣಿ ಆಡುವವರು, ಕಲ್ಲು ಒಡೆಯುವ ತೆಲುಗಿನವರು, ಇನ್ನು ಕನ್ನಡವನ್ನೇ ಆಡಿದರೂ ಪುಸ್ತಕದ ಕನ್ನಡ ಕಿವಿಗೇ ಬೀಳದ ಕೂಲಿಯವರ ಮಕ್ಕಳು. ಅವರಿಗೆಂದೇ ಒಂದು ಕೋಣೆ, ಬಣ್ಣದ ಚಿತ್ರಪುಸ್ತಕಗಳು, ಇಲಾಖೆ ಒಂದು ವರ್ಷಕ್ಕೆಂದು ಕೊಟ್ಟ ಹೆಚ್ಚುವರಿ ಟೀಚರ್. ಶಾಲೆಯವರು ಅದಕ್ಕೆ ‘ಓದುವ ಕೋಣೆ’ ಎಂದು ಬೋರ್ಡು ಬರೆಸಿದರು. ಜೂನ್‌ನಲ್ಲಿ ಒಂದು ಪರೀಕ್ಷೆ, ಮಾರ್ಚ್‌ನಲ್ಲಿ ಒಂದು ಪರೀಕ್ಷೆ. ಎರಡನ್ನೂ ಮಾಡಿದವರು ಬಿ.ಎಡ್. ಕಲಿಯುವ ಹುಡುಗರು, ಜೂನ್‌ಗೆ ಒಂದು ತಂಡ, ಮಾರ್ಚ್‌ಗೆ ಇನ್ನೊಂದು. ನಡುವೆ ಆಗೊಮ್ಮೆ ಈಗೊಮ್ಮೆ ನಯನಾ ಮೊದಲೇ ಕಾರ್ಡು ಬರೆದು ತಿಳಿಸಿ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ಮಕ್ಕಳು ಇಸ್ತ್ರಿ ಹಾಕಿದ ಅಂಗಿಯಲ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಶಾಲೆ ಮಕ್ಕಳನ್ನು ಎಷ್ಟು ತಿದ್ದುತ್ತದೆ ಎಂದು ಅವಳು ಸಂತೋಷಪಟ್ಟಿದ್ದಳು.

ಫಲಿತಾಂಶವನ್ನು ಮೊದಲು ನೋಡಿದ ದಿನ ಅವಳೇ ನಂಬಿರಲಿಲ್ಲ. ಜೂನ್‌ನಲ್ಲಿ ಎರಡಕ್ಷರ ಕೂಡಿಸಲಾರದ ಹದಿನೇಳು, ಮಾರ್ಚ್‌ನಲ್ಲಿ ಪುಟ ಪೂರ್ತಿ ತಪ್ಪಿಲ್ಲದೆ ಓದಿತ್ತು. ಒಂದೇ ವರ್ಷ ಸಾಕು, ಆಮೇಲೆ ಈ ಮಕ್ಕಳಿಗೆ ಬೇರೆ ಟೀಚರ್ ಬೇಕಿಲ್ಲ ಎಂದು ಪ್ರೊಫೆಸರರು ವರದಿಯ ಕೊನೆಯಲ್ಲಿ ಬರೆಸಿದರು. ಒಂದು ಹುದ್ದೆಯ ಖರ್ಚು ಉಳಿಯುತ್ತದೆಂದು ಕೇಳಿದ್ದೇ ತಡ ಇಲಾಖೆಗೂ ಖುಷಿಯಾಯಿತು. ಸೆಮಿನಾರಿನ ದಿನ ಆ ಟೀಚರನ್ನು ವಾಪಸು ಕರೆಸಿಕೊಳ್ಳುವ ಆದೇಶವನ್ನೂ ಅಲ್ಲೇ ಓದುವುದೆಂದು ತೀರ್ಮಾನವಾಗಿತ್ತು.

ಮರುದಿನ ಸಂಜೆ ನಯನಾ ಹರಿಹರದ ಬಸ್ಸಿಳಿದು, ದೇವಸ್ಥಾನದ ಹಿಂದಿನ ಓಣಿಗಳಲ್ಲಿ ಕೇಳುತ್ತ ಕೇಳುತ್ತ ಹೊಳೆ ದಂಡೆಯ ಒಂದು ತಗಡಿನ ಮನೆಯ ಮುಂದೆ ನಿಂತಳು. ರಂಗವ್ವ ಆಗಷ್ಟೇ ಭಟ್ಟಿಯಿಂದ ಬಂದಿದ್ದಳು. ಮಂಡಕ್ಕಿ ಹುರಿಯುವ ಮರಳಿನ ಪುಡಿ ಅವಳ ಹುಬ್ಬಿನ ಮೇಲೂ ಕೂತಿತ್ತು. ಸಹನಾಳ ಶಾಲೆಯ ಕಡೆಯಿಂದ ಬಂದಿದ್ದೇನೆ ಎಂದಳು ನಯನಾ.

“ಬರ್ರಿ ಮೇಡಂ, ಕೂಡ್ರಿ. ಮಗಳು ಏನಾರ ಮಾಡ್ಕಂಡಾಳೇನ್ರಿ?”

“ಮಾಡಿದಾಳೆ ರಂಗವ್ವ. ಇಡೀ ಶಾಲೆಗೆ ಹೆಸರು ತಂದಿದಾಳೆ. ಎಲ್ಲರಿಗಿಂತ ಚಲೋ ಓದ್ತಾಳೆ.”

ರಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅವಳನ್ನೇ ನೋಡಿದಳು. ನಗಬೇಕೋ ಬೇಡವೋ ಎಂಬಂತಿತ್ತು ಆ ನೋಟ.

“ಯಾವ ಸಹನಾ ಬಗ್ಗೆ ಹೇಳಾಕತ್ತೀರಿ? ಮನಿ ತಪ್ಪಿ ಬಂದೀರಿ ಅಂತ ಕಾಣ್ತೈತೆ.”

“ಸಣ್ಣಬೀರಪ್ಪನ ಮಗಳು. ಮೂರನೇ ಕ್ಲಾಸು.”

“ಹಂಗಾದ್ರ ನಮ್ಮಾಕೀನ. ಏ ಸಹನಾ, ಬಾ ಇಲ್ಲಿ.”

ಕೊಡ ಇಳಿಸಿ ಹುಡುಗಿ ಬಂತು. ಎಂಟೋ ಒಂಬತ್ತೋ ವರ್ಷ. ನಯನಾ ಈ ಮುಖವನ್ನು ಎಲ್ಲೂ ನೋಡಿರಲಿಲ್ಲ. ಆದರೂ ಚೀಲದಿಂದ ಚಿತ್ರಪುಸ್ತಕ ತೆಗೆದು, ಹದಿನೇಳನೆಯ ಮಗು ತಪ್ಪಿಲ್ಲದೆ ಓದಿದ ಆ ಪುಟವನ್ನೇ ಬಿಡಿಸಿ ಕೊಟ್ಟಳು. ಕೆರೆ ದಾಟುವ ಆಮೆಯ ಕಥೆ.

ಹುಡುಗಿ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಪುಸ್ತಕ ಮುಟ್ಟಲಿಲ್ಲ.

“ಇದು ಓದೋ ಕೋಣೇದು. ಮುಟ್ಟಿದ್ರ ಟೀಚರ್ ಬೈತಾರೆ.”

“ಬೈಯಲ್ಲ, ನಾನಿದೀನಲ್ಲ. ಓದು.”

ಸಹನಾ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೆಯ ಚಿತ್ರದ ಮೇಲೆ ಒಂದು ಬೆರಳಿಟ್ಟು, ಕೆಳಗಿನ ದೊಡ್ಡ ಅಕ್ಷರದ ಮೇಲೆ ಇನ್ನೊಂದು ಬೆರಳಿಟ್ಟಳು. “ಇದು ಆ. ಎರಡನೇ ಕ್ಲಾಸ್ನಾಗ ಹೇಳ್ಕೊಟ್ಟಿದ್ರು. ಆಮ್ಯಾಲಿಂದು ಗೊತ್ತಿಲ್ಲ.”

“ನೀನು ಓದುವ ಕೋಣೇಲಿ ಕೂಡ್ರಲ್ಲೇನು?”

“ಇಲ್ರಿ. ನಾವು ಅಕ್ಕಿ ಕೋಣೆ ಮಕ್ಳು.”

“ನಾವು ಅಂದ್ರೆ?”

“ನಾನು, ದಾದಾಪೀರ, ತಾಂಡಾದವ್ರು, ಕಲ್ಲು ಒಡಿಯೋರು. ಎಲ್ಲಾರೂ.”

ಎಲ್ಲಾರೂ. ನಯನಾ ಆರಿಸಿದ್ದ ಅಷ್ಟೂ ಮಕ್ಕಳು. ರಂಗವ್ವ ಮುಂದಿಟ್ಟ ಮಂಡಕ್ಕಿ ತಟ್ಟೆಯನ್ನು ಅವಳು ಪಕ್ಕಕ್ಕೆ ಸರಿಸಿದಳು. ಅಕ್ಕಿ ಕೋಣೆಯೆಂದರೆ, ತಿಂಗಳಿಗೊಮ್ಮೆ ಮಕ್ಕಳ ಮನೆಗೆ ಕೊಡುವ ಸರ್ಕಾರಿ ಅಕ್ಕಿಯ ಮೂಟೆಗಳನ್ನು ಒಟ್ಟುವ ಕತ್ತಲೆ ಕೋಣೆ. ಅದರ ಬಾಗಿಲಿಗೆ ಬೀಗ ಹಾಕಿದ್ದನ್ನಷ್ಟೇ ಅವಳು ನೋಡಿದ್ದಳು. ಅವಳು ಹೋದ ದಿನಗಳಲ್ಲಿ ಅದಕ್ಕೆ ಬೀಗವಿರುತ್ತಿತ್ತು, ಒಳಗಿನವರಿಗೆ ರಜೆ ಇರುತ್ತಿತ್ತು.

ಮರುದಿನ ಅವಳು ಕಾರ್ಡು ಬರೆಯಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಹೋಗಿ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಓದುವ ಕೋಣೆಯ ಕಿಟಕಿಯ ಪಕ್ಕ ನಿಂತಳು. ಒಳಗೆ ಟೀಚರಮ್ಮ ಹಾಜರಿ ಕೂಗುತ್ತಿದ್ದಳು. ದಾದಾಪೀರ ಎಂದಾಗ ಹಣೆ ತುಂಬ ವಿಭೂತಿ ಬಳಿದುಕೊಂಡ ಗುಂಡನೆಯ ಹುಡುಗನೊಬ್ಬ ಎದ್ದು “ಬಂದೀನ್ರಿ” ಎಂದ. ಯಾರೂ ನಗಲಿಲ್ಲ. ಅದು ನಗುವಂಥದ್ದೇ ಅಲ್ಲ ಎಂಬಂತೆ ಹಾಜರಿ ಮುಂದೆ ಸಾಗಿತು.

“ಸಹನಾ.”

ಕೆಂಪು ರಿಬ್ಬನ್ನಿನ ಹುಡುಗಿ ಎದ್ದಿತು. ಈ ಮುಖ ನಯನಾಳಿಗೆ ಗೊತ್ತಿತ್ತು. ವರ್ಷವಿಡೀ ಮೊದಲ ಸಾಲಿನಲ್ಲಿ ಕೂತು ಅವಳನ್ನು ಕಂಡು ನಗುತ್ತಿದ್ದ ಮುಖ. ಅದೇ ಹೊತ್ತಿಗೆ ವರಾಂಡದಲ್ಲಿ ಕಸಬರಿಗೆ ಹಿಡಿದು ಹೋಗುತ್ತಿದ್ದ ನಿಜವಾದ ಸಹನಾ ತನ್ನ ಹೆಸರು ಕೇಳಿ ತಲೆ ಸಹ ತಿರುಗಿಸಲಿಲ್ಲ. ಅವಳಿಗೆ ಅಭ್ಯಾಸವಾಗಿತ್ತು.

“ಪತ್ರ ಹಾಕ್ದಂಗೆ ಬಂದುಬಿಟ್ರಲ್ಲ ಮೇಡಂ,” ಎಂದಿತು ಹಿಂದಿನಿಂದ ಒಂದು ದನಿ. ಹೆಡ್‌ಮಾಸ್ತರ್ ಏಕಾಂತಪ್ಪ. ಒಗೆದ ಬಿಳಿ ಅಂಗಿ, ಸೌಮ್ಯ ಮುಖ. “ಬರ್ರಿ, ಚಾ ಕುಡಿಯೋಣ. ಬಿಸಿಲಿಗೆ ಬಂದೀರಿ.”

“ಆ ಹುಡುಗಿ ಯಾರು ಸರ್?”

“ಯಾವಾಕಿ? ಮುಂದಿನಾಕೀನಾ? ವಾಣಿ. ನಮ್ಮ ಕಿರಾಣಿ ಕೊಟ್ಟೂರಪ್ಪನ ಮಗಳು. ಬಾಳ ಶಾಣ್ಯಾ.” ಅವರು ಅಡಗಿಸಲಿಲ್ಲ, ತಡವರಿಸಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

“ಅವಳ್ಯಾಕೆ ಸಹನಾ ಹೆಸರಿಗೆ ಎದ್ದು ನಿಲ್ತಾಳೆ?”

“ನೋಡ್ರಿ, ನಿಮ್ಮ ಪುಸ್ತಕ ಬಂದ್ವು, ಬಣ್ಣ ಬಣ್ಣದ್ವು. ಹೊಸಾ ಟೀಚರ್ ಬಂದ್ರು. ಪೇಟೆ ಮಂದಿ ಬಂದು ಕೂತ್ಕಂಡ್ರು, ನಮ್ಮ ಮಕ್ಳಿಗ್ಯಾಕ ಇಲ್ಲ ಅಂತ. ಶಾಲೆ ಗೋಡೆ ಕಟ್ಟಿಸ್ಕೊಟ್ಟೋರು ಅವ್ರು. ಇಲ್ಲ ಅನ್ನಾಕ ಬರ್ತೈತೇನ್ರಿ? ನಿಮ್ಮ ಪಟ್ಟಿ ಮಾತ್ರ ವಿಶ್ವವಿದ್ಯಾಲಯದ್ದು, ಅದನ್ನ ತಿದ್ದಾಕ ನಾನ್ಯಾರು? ಹೆಸ್ರು ಹಂಗ ಇಟ್ಟು, ಮಕ್ಳನ್ನ ಬದ್ಲಿ ಮಾಡಿದ್ವಿ. ಇನ್‌ಸ್ಪೆಕ್ಟರ್ ಬಂದಾಗ ಮಾಡ್ತೀವಲ್ಲ, ಹಂಗ.”

“ಇನ್‌ಸ್ಪೆಕ್ಟರ್ ಬಂದಾಗ?”

“ನೀವು ಶಾಲಿ ಕಲ್ತಿಲ್ಲೇನ್ರಿ ಮೇಡಂ? ತಪಾಸಣೆ ದಿನ ಓದಾಕ ಬರದೋರಿಗೆ ರಜಾ ಕೊಡ್ತೀವಿ. ಮ್ಯಾಗಿನ ಕ್ಲಾಸಿನ ಶಾಣ್ಯಾ ಹುಡುಗ್ರು ಅವ್ರ ಹೆಸ್ರಿಗೆ ಕೂಡ್ತಾರೆ. ಬಂದೋರು ಖುಷಿಯಾಗಿ ಹೋಗ್ತಾರೆ. ನಿಮಗೂ ಖುಷಿ ಆತಲ್ಲ. ನಿಮ್ಮ ಪರೀಕ್ಷೆ ಹೆಂಗೆ ಬಂತು ನೋಡ್ರಿ.”

ನಯನಾ ಓದಿದ್ದು ಇಂಥದೇ ಶಾಲೆಯಲ್ಲಿ, ದಾವಣಗೆರೆಯಲ್ಲಿ. ತಪಾಸಣೆಯ ದಿನ ಅವಳನ್ನು ಮುಂದಿನ ಬೆಂಚಿಗೆ ಕೂರಿಸುತ್ತಿದ್ದರು. ಅಂದು ಯಾರ ಜಾಗದಲ್ಲಿ ಕೂತಿದ್ದೆನೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅದು ಶಾಲೆ ನಡೆಯುವ ಕ್ರಮ. ಈ ನಾಡಿನಲ್ಲಿ ಬಂದವರಿಗೆ ಊಟ ಬಡಿಸುವಂತೆ ಫಲಿತಾಂಶವನ್ನೂ ಬಡಿಸುತ್ತಾರೆ, ಬಂದವರು ಉಂಡು ಕೈತೊಳೆದು ಹೋಗುತ್ತಾರೆ, ಅಡುಗೆಮನೆಯಲ್ಲಿ ಯಾರು ಉಪವಾಸವಿದ್ದರು ಎಂದು ಕೇಳುವುದು ಸಭ್ಯತೆಯಲ್ಲ.

“ಜೂನ್‌ನಲ್ಲಿ ಪರೀಕ್ಷೆ ಬರೆದಿದ್ದು ಯಾರು ಸರ್?”

“ಅವಾಗ ಇನ್ನೂ ಬದ್ಲಿ ಮಾಡಿರಲಿಲ್ಲ. ಆ ಮಕ್ಳೇ ಕೂತಿದ್ರು.”

ಅಂದರೆ ಜೂನ್‌ನಲ್ಲಿ ಸಹನಾ, ಮಾರ್ಚ್‌ನಲ್ಲಿ ವಾಣಿ. ಒಬ್ಬಳ ಅಜ್ಞಾನಕ್ಕೂ ಇನ್ನೊಬ್ಬಳ ಜಾಣತನಕ್ಕೂ ನಡುವಿನ ದೂರವನ್ನು ನಯನಾ ಪ್ರಗತಿ ಎಂದು ಬರೆದಿದ್ದಳು.

“ಮೂರನೇ ಕ್ಲಾಸಿಗೆ ಮೊದಲು ಒಬ್ಬ ಮಾಸ್ತರರಿದ್ದರಲ್ಲ? ಅಕ್ಕಿ ಕೋಣೆಗೆ ಅವರು ಪಾಠ ಮಾಡ್ತಾರಾ?”

“ಅವ್ರೆಲ್ಲಿ? ನಿಮ್ಮ ಟೀಚರ್ ಬಂದ್ರಲ್ಲ, ಮೂರನೇ ಕ್ಲಾಸಿಗೆ ಇಬ್ರು ಯಾಕ ಅಂತ ಇಲಾಖೆಯೋರು ಅವ್ರನ್ನ ಬ್ಯಾರೆ ಊರಿಗೆ ಹಾಕಿದ್ರು.”

ನಯನಾ ಚಹಾ ಕುಡಿಯಲಿಲ್ಲ. ಅಕ್ಕಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಮೂಟೆಗಳ ಮೇಲೆ, ಮೂಟೆಗಳ ನಡುವೆ ಮಕ್ಕಳು ಕೂತಿದ್ದರು. ಬೋರ್ಡಿಲ್ಲ. ಒಬ್ಬ ಹುಡುಗ ನೆಲದ ಮೇಲೆ ಬಿದ್ದ ಅಕ್ಕಿಕಾಳುಗಳನ್ನು ಸಾಲಾಗಿ ಇಡುತ್ತಿದ್ದ. ಅವಳನ್ನು ಕಂಡು ಎಲ್ಲರೂ ಎದ್ದು ನಿಂತು ಒಕ್ಕೊರಲಿನಿಂದ “ನಮಸ್ತೇ ಟೀಚರ್” ಎಂದರು. ಅದೊಂದನ್ನು ಯಾರೋ ಕಲಿಸಿದ್ದರು. ಅವಳು ಬರುವ ಮೊದಲು ಈ ಮಕ್ಕಳಿಗೆ ಒಬ್ಬ ಮಾಸ್ತರನಾದರೂ ಇದ್ದ. ಅವಳ ಸಂಶೋಧನೆ ಅವನನ್ನೂ ಕಿತ್ತುಕೊಂಡಿತ್ತು.

ಪ್ರೊಫೆಸರರಿಗೆ ಸಿಡಿಲು ಬಡಿದಂತಾಗುತ್ತದೆ ಎಂದುಕೊಂಡೇ ಅವಳು ಆ ಸಂಜೆ ಸರಸ್ವತಿ ನಗರಕ್ಕೆ ಹೋದಳು. ಬಕ್ಕೇಶಪ್ಪನವರು ಎಲ್ಲವನ್ನೂ ಕೇಳಿದರು. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

“ಇನ್ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸರ್.”

“ಚಲೋ ಆತು.” ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. “ಫೀಲ್ಡ್ ಅಂದ್ರೆ ಹಿಂಗೇನೇ ಕಣಮ್ಮಾ. ನಮ್ಮ ವಿಧಾನ ತಪ್ಪೇನಿಲ್ಲ, ಮಕ್ಕಳು ಓದಿದ್ದು ಸುಳ್ಳೇನಲ್ಲ.”

“ಆ ಮಕ್ಕಳಿಗೆ ಮೊದಲೇ ಓದೋಕೆ ಬರ್ತಿತ್ತು ಸರ್. ಯಾರ ಬಗ್ಗೆ ಸಂಶೋಧನೆ ಮಾಡಿದ್ವೋ ಅವರು ಕೋಣೆಯಾಗೇ ಇರಲಿಲ್ಲ.”

“ಶಾಲೆಯವರನ್ನ ಬಿಟ್ರೆ ಅದು ಗೊತ್ತಿರೋದು ನಮ್ಮಿಬ್ಬರಿಗೆ. ಮೇಲಿನವರಿಗೆ ವರದಿ ಹೋಗೇತೆ. ಈಗ ಹಿಂದಕ್ಕೆ ತಗಂಡ್ರೆ ನಿನ್ನ ಪಿಎಚ್.ಡಿ. ಹೋಯ್ತು, ನನ್ನ ಮುಂದಿನ ಯೋಜನೆ ಹೋಯ್ತು. ಒಂದು ಕೆಲಸ ಮಾಡು. ಫೋಟೋಕ್ಕೆ ಆ ಭಟ್ಟಿಯವಳ ಮಗಳನ್ನೇ ನಿಲ್ಲಿಸು, ನೋಡೋಕೆ ಬಡವಳ ಹಂಗೆ ಕಾಣ್ತಾಳೆ. ಸ್ಟೇಜಿನ ಮೇಲೆ ಓದೋಕೆ ಕೊಟ್ಟೂರಪ್ಪನ ಮಗಳನ್ನ ಕರಕೊಂಡು ಬರ್ಲಿ.”

ಹೆಡ್‌ಮಾಸ್ತರರು ಮಾಡಿದ್ದನ್ನು ಪ್ರೊಫೆಸರರು ಇನ್ನೂ ನಾಜೂಕಾಗಿ ಮಾಡಿದ್ದರು. ಒಬ್ಬಳಿಂದ ಹೆಸರು ಕಿತ್ತುಕೊಂಡಿದ್ದು ಸಾಲದೆ ಈಗ ಬಡತನದ ಮುಖವೂ ಬೇಕಾಗಿತ್ತು.

ಮರುದಿನ ರಾತ್ರಿ ಕೆ.ಬಿ. ಬಡಾವಣೆಯ ತನ್ನ ಮನೆಗೆ ಬಂದರೆ ಅಪ್ಪ ಕೆಂಚವೀರಪ್ಪ ಊಟಕ್ಕೆ ಕೂತಿದ್ದರು. ದಿನಸಿಯ ಸಗಟು ವ್ಯಾಪಾರ ಅವರದು, ಹರಿಹರದ ಅಂಗಡಿಗಳಿಗೆಲ್ಲ ಅವರದೇ ಸರಬರಾಜು. “ಹರಿಹರದಿಂದ ಕೊಟ್ಟೂರಪ್ಪ ಫೋನ್ ಮಾಡಿದ್ದ,” ಎಂದರು ತುತ್ತು ಕಲಸುತ್ತ. “ಮಗಳನ್ನ ಸ್ಟೇಜಿನ ಮ್ಯಾಲೆ ಓದಿಸ್ತಾರಂತೆ, ಹೊಸಾ ಫ್ರಾಕ್ ತಗಂತೀನಿ ಅಂತ ಕುಣಿತಿದ್ದ. ನಮ್ಮೋರ ಹುಡುಗಿ ಮುಂದೆ ಬರ್ಲಿ ಬಿಡು.”

“ಬೇರೆಯವರ ಹೆಸರಲ್ಲಿ ಓದಿಸ್ತಾರಪ್ಪ.”

“ಓದೋದು ಮುಖ್ಯ. ಹೆಸ್ರಾಗೇನೈತೆ?”

“ಹಂಗಾದ್ರೆ ಅಂಗಡಿ ಬೋರ್ಡಿನ ಮೇಲೆ ಕರೀಂ ಸಾಬ್ ಅಂತ ಬರೆಸೋಣ ನಾಳೆ.”

ಅಪ್ಪನ ತುತ್ತು ಬಾಯಿಗೆ ಹೋಗಲಿಲ್ಲ.

ಸೆಮಿನಾರಿಗೆ ಇನ್ನೊಂದು ವಾರವಿರುವಾಗ ಅವಳು ಮತ್ತೆ ರಂಗವ್ವನ ಮನೆಗೆ ಹೋದಳು. ಫೋಟೋ ತೆಗೆಯಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದಳು. ರಂಗವ್ವ ಒಲೆಯ ಮುಂದೆ ಕೂತು ಒಂದೊಂದಾಗಿ ಕೇಳಿದಳು.

“ಅಂದ್ರ ನನ್ನ ಮಗಳ ಹೆಸ್ರಿನ ಮ್ಯಾಲೆ ಇನ್ನೊಬ್ರ ಮಗಳು ಪಾಸಾದ್ಲು.”

“ಹೌದು.”

“ನನ್ನ ಮಗಳಿಗೆ ಓದಾಕ ಬರ್ತೈತೆ ಅಂತ ಸರ್ಕಾರದಾಗ ಬರದೈತೆ.”

“ಹೌದು.”

“ಅದಕ್ಕ ಇನ್ನು ಟೀಚರ್ ಬ್ಯಾಡ ಅಂತ ತಗೀತಾರೆ.”

“ಆವತ್ತೇ ಓದ್ತಾರೆ ಆದೇಶ.”

“ಭಟ್ಟಿ ಮಾಲಕ ದಿನಾ ಕೇಳ್ತಾನೆ, ಹುಡುಗೀನ ಕೆಲ್ಸಕ್ಕ ಕಳಿಸು ಅಂತ. ಓದ್ತೈತೆ ಓದ್ತೈತೆ ಅಂತ ನಾನು ತಳ್ಳಿಕೊಂಡು ಬಂದೀನಿ.” ರಂಗವ್ವನ ದನಿ ಏರಲಿಲ್ಲ. “ಮರಳಿನ ಬಿಸಿ ಅಂದ್ರ ಗೊತ್ತೇನ್ರಿ ನಿಮಗ? ಟೀಚರ್ ಹೋದ್ರ ಯಾವ ಬಾಯಿಲೆ ಇಲ್ಲ ಅನ್ಲಿ? ನೀವು ಏನ್ ಮಾಡ್ತೀರಿ, ಅದನ್ನ ಹೇಳ್ರಿ.”

ನಯನಾ ಚೀಲ ಎತ್ತಿಕೊಂಡಳು. ಸೆಮಿನಾರಿಗೆ ಬಾ ಎಂದಷ್ಟೇ ಹೇಳಿದಳು.

ದಾವಣಗೆರೆಯ ಕಾಲೇಜೊಂದರ ಸಭಾಂಗಣ. ಏಪ್ರಿಲ್ ಬಿಸಿಲಿಗೆ ಫ್ಯಾನುಗಳು ಸಾಲದಾಗಿದ್ದವು. ವೇದಿಕೆಯ ಮೇಲೆ ಡಿಡಿಪಿಐ ಸಾಹೇಬರು, ಪ್ರೊಫೆಸರರು, ಹಾರ ಹಾಕಿಸಿಕೊಂಡು ಕಣ್ಣು ತುಂಬಿ ಕೂತ ಏಕಾಂತಪ್ಪ. ಕೊನೆಯ ಸಾಲಿನಲ್ಲಿ ರಂಗವ್ವ, ಪಕ್ಕದಲ್ಲಿ ಸಹನಾ. ನಿರೂಪಕ “ಕುಮಾರಿ ಸಹನಾ” ಎಂದು ಕರೆದಾಗ ಹೊಸ ಫ್ರಾಕ್ ತೊಟ್ಟ ವಾಣಿ ಬಂದು ಆಮೆಯ ಕಥೆಯನ್ನು ಎಲ್ಲೂ ತಡೆಯದೆ, ರಾಗವಾಗಿ ಓದಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಸಾಹೇಬರ ಮುಂದೆ ಆದೇಶದ ಹಾಳೆ ಇತ್ತು, ಮೇಲೊಂದು ಪೆನ್ನು.

“ಈಗ ಸಂಶೋಧಕಿ ಎರಡು ಮಾತಾಡ್ತಾರೆ,” ಎಂದರು ಪ್ರೊಫೆಸರರು. ಎರಡು ಎಂಬುದನ್ನು ಒತ್ತಿದರು.

ನಯನಾ ಮೈಕಿನ ಮುಂದೆ ನಿಂತಳು. ಬರೆದುಕೊಂಡದ್ದನ್ನು ತೆಗೆಯಲಿಲ್ಲ.

“ಈಗ ಓದಿದ ಹುಡುಗಿ ಸಹನಾ ಅಲ್ಲ. ನಾವು ಅಧ್ಯಯನ ಮಾಡಿದೀವಿ ಅಂತ ಹೇಳೋ ಮಕ್ಕಳಲ್ಲಿ ಒಬ್ಬರೂ ಈ ವರ್ಷ ಆ ಕೋಣೆಯೊಳಗೆ ಕೂತಿಲ್ಲ. ಅಕ್ಕಿ ಮೂಟೆಗಳ ಜೊತೆ ಕೂತಿದ್ದರು. ಅವರಿಗೆ ಯಾರೂ ಒಂದಕ್ಷರ ಕಲಿಸಿಲ್ಲ. ವರದಿ ನನ್ನದು, ಅದು ಸುಳ್ಳು.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಕೊಟ್ಟೂರಪ್ಪ ಎದ್ದ. “ಏನ್ ಮಾತಾಡ್ತೀಯವ್ವಾ, ಕೆಂಚವೀರಪ್ಪನ ಮಗಳಾಗಿ?” ಪ್ರೊಫೆಸರರು ನಗುತ್ತಲೇ ಮೈಕಿಗೆ ಕೈ ಹಾಕಿದರು. “ವರ್ಷಪೂರ್ತಿ ಬಿಸಿಲಾಗ ಓಡಾಡಿ ಪಾಪ ಬಳಲಿದಾಳೆ. ಕೆಲವು ತಾಂತ್ರಿಕ ಗೊಂದಲ ಇರ್ತಾವೆ.”

ಸಾಹೇಬರಿಗೆ ಸತ್ಯದ ಹಂಬಲವೇನೂ ಇರಲಿಲ್ಲ. ಆದರೆ ತಾವು ಸಹಿ ಹಾಕಬೇಕಾದ ಹಾಳೆಯ ಬಗ್ಗೆ ಭಯವಿತ್ತು. ವೇದಿಕೆಯ ತುದಿಯಲ್ಲಿ ಪುಸ್ತಕ ಹಿಡಿದು ನಿಂತೇ ಇದ್ದ ಹುಡುಗಿಯನ್ನು ಹತ್ತಿರ ಕರೆದರು. ಮೈಕು ಅವಳ ಕಡೆ ತಿರುಗಿತ್ತು.

“ನಿನ್ನ ಹೆಸರೇನು ಪುಟ್ಟಿ?”

ಹುಡುಗಿ ಏಕಾಂತಪ್ಪನವರ ಕಡೆ ನೋಡಿತು. ಅಪ್ಪನ ಕಡೆ ನೋಡಿತು.

“ಯಾವ ಹೆಸ್ರು ಹೇಳ್ಬೇಕು ಸರ್?” ಎಂದಿತು.

ಇಡೀ ಸಭಾಂಗಣಕ್ಕೆ ಕೇಳಿಸಿತು. ಏಕಾಂತಪ್ಪನವರ ಬಾಯಿ ಅರೆ ತೆರೆದಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಬಂದವರನ್ನೆಲ್ಲ ಖುಷಿಪಡಿಸಿ ಕಳಿಸಿದ ಮನುಷ್ಯ ಅವರು, ಆ ಖುಷಿಗೆ ಒಂದು ಮಗುವಿನ ದನಿ ಇರುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಸಾಹೇಬರು ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡರು. “ಟೀಚರ್ ಸದ್ಯ ಅಲ್ಲೇ ಇರ್ಲಿ. ವಿಚಾರಣೆ ಆಗ್ಲಿ,” ಎಂದು ಯಾರಿಗೂ ಕೈ ಮುಗಿಯದೆ ಇಳಿದು ಹೋದರು. ನಿರೂಪಕ ಚಹಾದ ವ್ಯವಸ್ಥೆಯಿದೆ ಎಂದು ಘೋಷಿಸಿದ.

ಪ್ರೊಫೆಸರರು ಹಾದುಹೋಗುವಾಗ ನಯನಾಳ ಮುಖ ನೋಡಲಿಲ್ಲ. “ನಾಳೆಯಿಂದ ಬೇರೆ ಗೈಡ್ ಹುಡುಕ್ಕೊ. ಸಿಕ್ಕಿದ್ರೆ,” ಎಂದರು.

ಹೊರಗೆ ಬೇವಿನ ನೆರಳಿನಲ್ಲಿ ರಂಗವ್ವ ಚಪ್ಪಲಿ ಮೆಟ್ಟುತ್ತಿದ್ದಳು. ನಯನಾ ಹತ್ತಿರ ಹೋದಳು. ಹೊಗಳಿಕೆಯನ್ನೇನೂ ಬಯಸಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಆದರೂ ಬಯಸಿದ್ದಳು.

“ಟೀಚರ್ ಉಳಿದ್ರು ರಂಗವ್ವ.”

“ಕೇಳಿಸ್ತು. ಚಲೋ ಆತು.” ರಂಗವ್ವ ಮಗಳ ಕೈ ಹಿಡಿದಳು. “ಸದ್ಯ ಅಂದ್ರು ಅವ್ರು, ಅದೂ ಕೇಳಿಸ್ತು. ಮೇಡಂ, ನೀವು ಖರೇ ಹೇಳಿದ್ರಿ. ಅದ್ರಿಂದ ನನ್ನ ಮಗಳಿಗೆ ಅಕ್ಷರ ಬಂದುವೇನು?”

“ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ನಾನು...”

“ಜೂನ್ ಯಾಕ? ಎರಡು ತಿಂಗ್ಳು ರಜಾದಾಗ ಆಕಿ ಭಟ್ಟಿ ಮುಂದ ನಿಲ್ಲಬೇಕೇನು? ನಮ್ಮನ್ಯಾಗ ಕುಂದ್ರಾಕ ಜಾಗ ಐತೆ. ಆ ಸಾಬರ ಹುಡುಗನ್ನೂ ಕರೀತೀನಿ, ತಾಂಡಾದೋರ್ನೂ ಕರೀತೀನಿ. ಒಂದು ವರ್ಷ ಕಸಗೊಂಡೀರಿ. ತಿರುಗಿ ಕೊಡೋದಾದ್ರ ಬಸ್ ಹತ್ರಿ.”

ನಯನಾ ಒಮ್ಮೆ ಸಭಾಂಗಣದ ಕಡೆ ನೋಡಿದಳು. ಅಪ್ಪನ ಸ್ಕೂಟರು ಗೇಟಿನ ಬಳಿ ಬಂದು ನಿಂತಿತ್ತು, ಅಪ್ಪ ಅದರ ಮೇಲಿಂದ ಇಳಿಯದೆ ಹಾರನ್ ಒತ್ತುತ್ತಿದ್ದರು. ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು ಆ ಗೇಟನ್ನು ದಾಟಿ, ಸ್ಕೂಟರನ್ನೂ ದಾಟಿ, ರಂಗವ್ವನ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ರಂಗವ್ವ ನಿಧಾನಿಸಲಿಲ್ಲ.